ಐದು ವರ್ಷದ ಮೇಷ್ಟ್ರ ಹತ್ತಿರ ಇಂಗ್ಲಿಷ್ ಪಾಠ

ಮೊದಲ ವರ್ಷ ಮುಗಿಯುವಷ್ಟರಲ್ಲಿ ನಮ್ಮೆಲ್ಲರ ಬಾಯಲ್ಲೂ ಥರ್ಮೋಡೈನಾಮಿಕ್ಸ್, ಡಿಫರೆನ್ಷಿಯಲ್ ಈಕ್ವೇಶನ್, ಸೆಮಿಕಂಡಕ್ಟರ್ ಎಲ್ಲ ಸಲೀಸಾಗಿ ಓಡಾಡುತ್ತವೆ. ಕನ್ನಡ ಮಾಧ್ಯಮದಿಂದ ಬಂದವರೂ ಇವಕ್ಕೆ ಬೇಗ ಒಗ್ಗಿಕೊಳ್ತೀವಿ. ಆದರೆ ಈ ನಾಲ್ಕು ಮಾತನ್ನು ಇಂಗ್ಲಿಷ್‌ನಲ್ಲಿ ಹೇಳಿ ನೋಡೋಣ: ಕಾಫಿ ಚೆಲ್ಲಿತು, ಮೈ ತುರಿಸ್ತಿದೆ, ಕಾಲು ಜೋಮು ಹಿಡಿದಿದೆ, ಅವನು ನನ್ನ ಮೇಲೆ ಚಾಡಿ ಹೇಳಿದ. ಎಂಟ್ರೊಪಿ ಗೊತ್ತಿರೋ ಬಾಯಿ ಇಲ್ಲಿ ತಡವರಿಸುತ್ತೆ. ಇಂಟರ್ನ್‌ಶಿಪ್‌ಗೆ ಹೋದಾಗ ಟೆಕ್ನಿಕಲ್ ಪ್ರಶ್ನೆಗೆ ಪಟಪಟ ಉತ್ತರ ಕೊಟ್ಟವರು ಊಟದ ಟೇಬಲ್ಲಿನಲ್ಲಿ ಸುಮ್ಮನೆ ಕೂತುಬಿಡೋದು ಇದೇ ಕಾರಣಕ್ಕೆ.

ಇದಕ್ಕೆ ನಾವು ಕಂಡುಕೊಂಡಿರೋ ಒಂದು ಮದ್ದು ಇದೆ. ಟಿವಿಯಲ್ಲಿ ದೊಡ್ಡವರು ಚಿಕ್ಕ ಮಕ್ಕಳನ್ನು ಮಾತಾಡಿಸುವ ತಮಾಷೆ ಕಾರ್ಯಕ್ರಮಗಳನ್ನು ನೋಡೋದು.

ಈ ಬಗೆಯ ಕಾರ್ಯಕ್ರಮಕ್ಕೆ ಅಮೆರಿಕದಲ್ಲಿ ಹೆಸರು ತಂದವರು ಆರ್ಟ್ ಲಿಂಕ್‌ಲೆಟರ್. ಅವರ 'ಹೌಸ್ ಪಾರ್ಟಿ' 1945ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಿಂದ 1969ರವರೆಗೆ ಸಿಬಿಎಸ್ ಟಿವಿಯಲ್ಲೂ ಬಂತು. ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಭಾಗ ಎಷ್ಟು ಜನಪ್ರಿಯ ಆಯಿತೆಂದರೆ, 'ಕಿಡ್ಸ್ ಸೇ ದ ಡಾರ್ನ್‌ಡೆಸ್ಟ್ ಥಿಂಗ್ಸ್' ಅನ್ನೋ ಹೆಸರಿನಲ್ಲಿ 1957ರಲ್ಲಿ ಪುಸ್ತಕವೂ ಬಂತು. ಮನೆಯಲ್ಲಿ ಏನನ್ನು ಹೇಳಬೇಡ ಅಂದಿದ್ದಾರೆ ಅಂತ ಅವರು ಕೇಳುತ್ತಿದ್ದರು. ಮಗು ಅದನ್ನೇ ಹೇಳಿಬಿಡುತ್ತಿತ್ತು! 2016ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ, ಸ್ಟೀವ್ ಹಾರ್ವಿ ನಡೆಸಿಕೊಟ್ಟ 'ಲಿಟಲ್ ಬಿಗ್ ಶಾಟ್ಸ್' ಇದೇ ದಾರಿಯದ್ದು. ಇವುಗಳ ತುಣುಕುಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಮಕ್ಕಳ ಮಾತೇ ಯಾಕೆ?

ಕನ್ನಡದಲ್ಲಿ ನಾವು 'ನೀರು ಕುಡಿದೆ' ಅಂತೀವಿ. ಯಾರಾದರೂ 'ಜಲಪಾನ ಮಾಡಿದೆ' ಅಂದರೆ ನಾಟಕದ ಡೈಲಾಗ್ ಥರ ಕೇಳಿಸುತ್ತೆ. ಇಂಗ್ಲಿಷ್‌ನಲ್ಲೂ ಹೀಗೇ ಎರಡು ಪದರ ಇವೆ. 'ಕಮೆನ್ಸ್', 'ಪರ್ಚೇಸ್', 'ಅಸಿಸ್ಟ್' ಇವೆಲ್ಲ ಫ್ರೆಂಚ್ ಕಡೆಯಿಂದ ಬಂದ ಗಂಭೀರ ಪದಗಳು. 'ಸ್ಟಾರ್ಟ್', 'ಬೈ', 'ಹೆಲ್ಪ್' ಮನೆಯ ಪದಗಳು. ನಮ್ಮ ಪಠ್ಯಪುಸ್ತಕ, ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಮೊದಲ ಪದರದಲ್ಲಿ ಇರುತ್ತವೆ. ಐದು ವರ್ಷದ ಮಗುವಿಗೆ ಆ ಪದರ ಇನ್ನೂ ಬಂದೇ ಇರೋದಿಲ್ಲ. ಅದು ಇರೋ ಸಣ್ಣ ಕ್ರಿಯಾಪದಗಳಿಗೇ 'ಅಪ್', 'ಔಟ್', 'ಆನ್', 'ಆಫ್' ಅಂಟಿಸಿಕೊಂಡು ಪ್ರಪಂಚವನ್ನೆಲ್ಲ ಹೇಳಿ ಮುಗಿಸುತ್ತೆ.

ವಾಂತಿ ಮಾಡಿದೆ ಅನ್ನೋಕೆ 'ಐ ಥ್ರೂ ಅಪ್'. ಸುಳ್ಳು ಕಟ್ಟಿದೆ ಅನ್ನೋಕೆ 'ಯೂ ಮೇಡ್ ದಟ್ ಅಪ್'. ಚಾಡಿಗೆ 'ಹೀ ಟೋಲ್ಡ್ ಆನ್ ಮಿ'. ಬೈಸಿಕೊಂಡೆ ಅನ್ನೋಕೆ 'ಐ ಗಾಟ್ ಇನ್ ಟ್ರಬಲ್'. ಕಾಲು ಜೋಮು ಹಿಡಿದರೆ 'ಮೈ ಫುಟ್ ಫೆಲ್ ಅಸ್ಲೀಪ್', ಅಂದರೆ ಕಾಲು ನಿದ್ದೆ ಹೋಯಿತು!

ಇವು ಮಕ್ಕಳಾಟದ ಪದಗಳಲ್ಲ ಅನ್ನೋದನ್ನ ಗಮನಿಸಿ. ಮಗು ಆಟಿಕೆಯನ್ನು 'ಟೇಕ್ ಅಪಾರ್ಟ್' ಮಾಡುತ್ತೆ, ನಾವು ಮೋಟರನ್ನು. ಮಗುವಿಗೆ ಚಾಕೊಲೇಟ್ 'ರನ್ ಔಟ್' ಆಗುತ್ತೆ, ನಮ್ಮ ಪ್ರೋಗ್ರಾಮ್‌ಗೆ ಮೆಮೊರಿ. 'ಫಿಗರ್ ಔಟ್', 'ಸೆಟ್ ಅಪ್', 'ಕಮ್ ಅಪ್ ವಿತ್' ಇಲ್ಲದೆ ಆಫೀಸಿನ ಒಂದು ಮೀಟಿಂಗೂ ನಡೆಯೋದಿಲ್ಲ.

ಹೋಸ್ಟ್ ಕೊಡುವ ಎರಡನೇ ಅವಕಾಶ

ಸಿನಿಮಾದಲ್ಲಿ ಒಂದು ಮಾತು ತಪ್ಪಿಹೋದರೆ ಹೋಯಿತು. ಇಲ್ಲಿ ಹಾಗಲ್ಲ. ಮಗು ತೊದಲುತ್ತೆ ಅಂತ, ಸಭಿಕರಿಗೆ ಕೇಳಲಿ ಅಂತ ಹೋಸ್ಟ್ ಅದರ ಮಾತನ್ನು ಆಗಾಗ ಇನ್ನೊಮ್ಮೆ ಹೇಳುತ್ತಾರೆ. ಆಮೇಲೆ ನಗುವಿಗೆ ಅಂತ ಸ್ವಲ್ಪ ನಿಲ್ಲಿಸುತ್ತಾರೆ. ನಮಗೆ ಅದೇ ಮಾತು ಎರಡು ಸಲ ಸಿಕ್ಕಿತು, ಯೋಚಿಸೋಕೆ ಸಮಯವೂ ಸಿಕ್ಕಿತು. ಸಂಭಾಷಣೆ ಹೇಗಿರುತ್ತೆ ಅಂತ ತೋರಿಸೋಕೆ ನಾವೇ ಕಟ್ಟಿದ ಒಂದು ಮಾದರಿ:

— ವಾಟ್ ಡಸ್ ಯುವರ್ ಡ್ಯಾಡ್ ಡೂ?
— ಹೀ ಫಿಕ್ಸಸ್ ಸ್ಟಫ್.
— ಹೀ ಫಿಕ್ಸಸ್ ಸ್ಟಫ್! ವಾಟ್ ಕೈಂಡ್ ಆಫ್ ಸ್ಟಫ್?
— ಸ್ಟಫ್ ದಟ್ಸ್ ನಾಟ್ ಬ್ರೋಕನ್. ದೆನ್ ಮಾಮ್ ಕಾಲ್ಸ್ ಎ ಗೈ.

ಅಪ್ಪ ಕೆಟ್ಟಿಲ್ಲದ್ದನ್ನೆಲ್ಲ ರಿಪೇರಿ ಮಾಡ್ತಾರೆ, ಆಮೇಲೆ ಅಮ್ಮ ರಿಪೇರಿಯವನನ್ನು ಕರೆಸ್ತಾರೆ! ನಾಲ್ಕು ಸಾಲಿನಲ್ಲಿ ಮೂರು ದಿನಬಳಕೆಯ ಪದ ಸಿಕ್ಕವು. 'ಫಿಕ್ಸ್' ಅಂದರೆ ಸರಿಮಾಡು, 'ಸ್ಟಫ್' ಅಂದರೆ ಸಾಮಾನು ಗೀಮಾನು, 'ಗೈ' ಅಂದರೆ ಆಸಾಮಿ. ಅರ್ಥ ಆಯಿತೋ ಇಲ್ಲವೋ ಅಂತ ಬೇರೆ ಪರೀಕ್ಷೆ ಬೇಡ. ನಗು ಬಂತು ಅಂದರೆ ಪಾಸ್.

ತಪ್ಪೂ ಒಂದು ಪಾಠ

ಮಕ್ಕಳು 'ವೆಂಟ್' ಬದಲು 'ಗೋಡ್' ಅಂತಾರೆ, 'ಹೆಲ್ಡ್' ಬದಲು 'ಹೋಲ್ಡೆಡ್' ಅಂತಾರೆ. ಇದು ಬಾಯಿಗೆ ಬಂದದ್ದಲ್ಲ. 1958ರಲ್ಲಿ ಜೀನ್ ಬರ್ಕೊ ಅನ್ನೋ ಭಾಷಾ ಸಂಶೋಧಕಿ ಮಕ್ಕಳಿಗೆ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ, ಇದು 'ವಗ್' ಅಂದರು. ಎರಡು ಇದ್ದರೆ? ಆ ಪದವನ್ನು ಹಿಂದೆಂದೂ ಕೇಳಿರದ ಮಕ್ಕಳು 'ವಗ್ಸ್' ಅಂದವು. ಅಂದರೆ ಮಕ್ಕಳು ಬರೀ ಗಿಳಿಪಾಠ ಒಪ್ಪಿಸೋದಿಲ್ಲ; ಕೇಳಿ ಕೇಳಿ ನಿಯಮ ಹಿಡಿಯುತ್ತವೆ, ತಪ್ಪಾದೀತು ಅನ್ನೋ ಅಳುಕಿಲ್ಲದೆ ಬಳಸುತ್ತವೆ. ಗ್ರೂಪ್ ಡಿಸ್ಕಷನ್‌ನಲ್ಲಿ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿ, ಕೊನೆಗೆ ಬಾಯೇ ಬಿಡದ ನಾವು ಕಲಿಯಬೇಕಾದದ್ದು ಪದಗಳಿಗಿಂತ ಹೆಚ್ಚಾಗಿ ಇದನ್ನೇ.

ಸ್ವಲ್ಪ ಹುಷಾರು

ಕೇಳಿದ್ದೆಲ್ಲ ನಮಗಲ್ಲ. 'ಟಮ್ಮಿ', 'ಪಾಟಿ' ಮಕ್ಕಳ ಬಾಯಿಗೇ ಚೆಂದ. ಡಾಕ್ಟರ ಮುಂದೆ ನಾವು 'ಸ್ಟಮಕ್' ಅನ್ನೋದೇ ಸರಿ. ಅಮೆರಿಕದವರ 'ಕುಕಿ' ಇಂಗ್ಲೆಂಡಿನಲ್ಲಿ, ನಮ್ಮಲ್ಲಿ ಬಿಸ್ಕೆಟ್. ನಮ್ಮದೇ ಒಂದು ಮಾತೂ ಇದೆ: 'ಐ ಪಾಸ್ಡ್ ಔಟ್ ಲಾಸ್ಟ್ ಇಯರ್'. ನಮ್ಮ ಲೆಕ್ಕದಲ್ಲಿ ಇದು ಡಿಗ್ರಿ ಮುಗಿಯಿತು ಅಂತ. ಅಮೆರಿಕದವರ ಕಿವಿಗೆ, ಹೋದ ವರ್ಷ ಎಚ್ಚರ ತಪ್ಪಿ ಬಿದ್ದೆ ಅಂತ! ಅಲ್ಲಿ 'ಗ್ರಾಜುಯೇಟೆಡ್' ಅನ್ನಿ.

ಹೀಗೆ ಮಾಡಿ ನೋಡಿ

ಮೂರು ನಾಲ್ಕು ನಿಮಿಷದ ಒಂದೇ ತುಣುಕು ಸಾಕು. ಮೊದಲ ಸಲ ಕ್ಯಾಪ್ಷನ್ ಇಲ್ಲದೆ ನೋಡಿ. ಎಲ್ಲೆಲ್ಲಿ ಜನ ನಕ್ಕರು, ನಾವು ನಗಲಿಲ್ಲ ಅಂತ ಗುರುತು ಹಾಕಿಕೊಳ್ಳಿ. ಎರಡನೇ ಸಲ ಕ್ಯಾಪ್ಷನ್ ಹಾಕಿ. ತಾನಾಗಿ ಮೂಡುವ ಕ್ಯಾಪ್ಷನ್ ಮಕ್ಕಳ ತೊದಲನ್ನು ತಪ್ಪಾಗಿ ಬರೆಯೋದುಂಟು, ಹಾಗಾಗಿ ಹೋಸ್ಟ್ ಹೇಳಿದ್ದನ್ನು ನಂಬಿ. ಐದೇ ಮಾತು ಬರೆದುಕೊಳ್ಳಿ. ಒಂಟಿ ಪದ ಬೇಡ, ಇಡೀ ವಾಕ್ಯ ಇರಲಿ.

ಕೊನೆಗೆ ರೂಮ್‌ಮೇಟ್ ಜೊತೆ ಆಡಿ. ಒಬ್ಬರು ಹೋಸ್ಟ್, ಇನ್ನೊಬ್ಬರು ಐದು ವರ್ಷದ ಮಗು. ಕಷ್ಟದ ಪದ ಯಾವುದನ್ನೂ ಬಳಸಬಾರದು ಅನ್ನೋದೊಂದೇ ನಿಯಮ. ಮೊದಲ ಪ್ರಶ್ನೆಯಾಗಿ ಮೆಸ್ಸಿನ ಸಾಂಬಾರ್ ಹೇಗಿದೆ ಅಂತ ಕೇಳಿ. 'ವಾಟರಿ' ಅನ್ನೋ ಪದ ಆಮೇಲೆ ಜನ್ಮದಲ್ಲಿ ಮರೆಯೋದಿಲ್ಲ.