ಮೊಮ್ಮಗಳ ಕೋಣೆಗೆ ಆಲೆ ಮರದ ಸಿಂಗಾರ

ಮನೆ ಕಟ್ಟಿಸಿದಾಗ ಉಳಿದ ಎಣ್ಣೆ ಬಣ್ಣದ ಡಬ್ಬಿ ಹದಿನೈದು ವರ್ಷದಿಂದ ಅಟ್ಟದ ಮೇಲಿತ್ತು. ಹೋದ ವರ್ಷ ಮೊಮ್ಮಗಳಿಗೆ ಅಂತ ಒಂದು ಕೋಣೆ ಬಿಟ್ಟುಕೊಟ್ಟೆವು. ದುಡ್ಡು ಯಾಕೆ ದಂಡ ಅಂತ ಹಲಗೆಯಲ್ಲಿ ಗಿಳಿ, ಆನೆ ಕೊಯ್ದು, ಅದೇ ಬಣ್ಣ ಬಳಿದು ಮಂಚದ ಪಕ್ಕ ಹೊಡೆದೆ. ನೋಡಿದವರೆಲ್ಲ ಹೊಗಳಿದರು. ತಿಂಗಳು ಕಳೆದ ಮೇಲೆ ಸೊಸೆ ಕರೆದಳು: "ನೋಡಿ ಮಾವ, ಆನೆ ಸೊಂಡಿಲಲ್ಲಿ ಬಣ್ಣವೇ ಇಲ್ಲ." ಎರಡು ವರ್ಷದ ಕೂಸು ಕಚ್ಚಿ ನುಂಗಿತ್ತು.

ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅದು ಮಕ್ಕಳ ಮಿದುಳಿಗೆ ಪೆಟ್ಟು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ನನ್ನ ಡಬ್ಬಿ ಅದಕ್ಕೂ ಹಿಂದಿನದು. ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ವರದಿ ಬರೋ ತನಕ ನನಗೆ ಅನ್ನ ಇಳಿಯಲಿಲ್ಲ.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಗೆಳೆಯ ಕೇಳಿ ಬೈದ: "ಅಲ್ಲಣ್ಣ, ಗೊಂಬೆ ಊರಲ್ಲಿದ್ದು ಡಬ್ಬಿ ಬಣ್ಣ ಬಳಿದಿದ್ದೀಯಲ್ಲ!"

ಅವನ ಕೆಲಸ ಕೂತು ನೋಡಿದೆ. ಒಣಗಿದ ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತೆ. ಉಳಿಯಿಂದ ಕಡೆದು, ನುಣುಪು ಮಾಡಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು. ಕುಂಚ ಬೇಡ, ಥಿನ್ನರ್ ಬೇಡ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ. ಆದರೆ ಎಲ್ಲರೂ ಗಿಡದ ಬಣ್ಣವನ್ನೇ ಹಾಕೋದಿಲ್ಲ. ಕೇಳಿಯೇ ತರಬೇಕು.

ಈ ಕೆಲಸ ದುಂಡಗಿನ ಸಾಮಾನಿಗೆ ಮಾತ್ರ, ಚಪ್ಪಟೆ ಹಲಗೆಗೆ ಆಗದು. ಅದಕ್ಕೇ ಹೊಸ ಗಿಳಿ, ಆನೆಗೆ ಬಣ್ಣವನ್ನೇ ಹಾಕಲಿಲ್ಲ, ಮರಳು ಕಾಗದದಲ್ಲಿ ಉಜ್ಜಿ ಬಿಟ್ಟೆ. ಗೆಳೆಯ ಕಡೆದುಕೊಟ್ಟ ಮಣಿಗಳನ್ನು ಹೆಂಡತಿ ಪೋಣಿಸಿ ಬಾಗಿಲಿಗೆ ತೋರಣ ಮಾಡಿದಳು. ಬಟ್ಟೆ ಹಾಕಲು ಐದು ಬಣ್ಣದ ಗೂಟ ಹೊಡೆದೆ.

ನೀವು ಮಾಡುವುದಾದರೆ ಇಷ್ಟು ನೆನಪಿಡಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಚಿಕ್ಕ ಮಣಿ, ಉದ್ದ ದಾರ ಸಿಗಬಾರದು. ತೋರಣ ಎತ್ತರದಲ್ಲಿರಲಿ. ಅರಗಿನ ಸಾಮಾನನ್ನು ಬಿಸಿಲಿಗೆ ಇಡಬೇಡಿ, ಬಿಸಿನೀರಲ್ಲಿ ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಲೆ ಮರವನ್ನು ಕೆಲವರು ಹಾಲೆ, ಬೆಪ್ಪಾಲೆ ಅಂತಲೂ ಕರೀತಾರೆ. ಗಾಯವಾದರೆ ಹಾಲು ಸುರಿಸುತ್ತೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ನೀರು ಕೇಳೋದಿಲ್ಲ. ಜೋಡಿ ಕಾಯಿ ಒಡೆದರೆ ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜ ಗಾಳಿಗೆ ಹಾರುತ್ತೆ. ಹಿಂದೆ ನಮ್ಮ ರಾಗಿ ಹೊಲದ ಬದುವಿನಲ್ಲಿದ್ದವನ್ನು ಸೌದೆಗೆ ಕಡಿದವನೂ ನಾನೇ. ಈ ಮಳೆಗೆ ಹನ್ನೆರಡು ಸಸಿ ಇಟ್ಟಿದ್ದೇನೆ. ಮೊಮ್ಮಗಳು ಚೊಂಬಲ್ಲಿ ನೀರು ಹುಯ್ಯುತ್ತಾಳೆ, ಅರ್ಧ ಸಸಿಗೆ, ಅರ್ಧ ತಾತನ ಕಾಲಿಗೆ.