ಹಳೇ ಎಟಿಆರ್ ತೆರೆದ ದಾರಿ

ಲೋಂಡಾದ ವ್ಯಾಪಾರಿಗೆ ಬೆಂಗಳೂರು ಅಂದರೆ ಇವತ್ತಿಗೂ ರಾಣಿ ಚನ್ನಮ್ಮ ರೈಲು. ರಾತ್ರಿ ಹತ್ತಿ ಬೆಳಿಗ್ಗೆ ಇಳಿದು, ಹಗಲೆಲ್ಲ ಓಡಾಡಿ, ಮತ್ತೆ ರಾತ್ರಿ ರೈಲು ಹಿಡಿಯಬೇಕು. ಒಂದು ಹಗಲಿನ ಕೆಲಸಕ್ಕೆ ಎರಡು ರಾತ್ರಿ. ಖಾನಾಪುರ, ಬೆಳಗಾವಿ ದಾಟಿದರೆ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವಿದೆ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿಸಿದ್ದು. ರನ್‌ವೇ ಇದ್ದರಾಯಿತೇ? ನಮ್ಮಂಥ ಊರುಗಳಿಗೆ ಹೊಂದುವ ವಿಮಾನವೂ ಬೇಕಲ್ಲ.

ಆ ವಿಮಾನವನ್ನು ಹುಡುಕಿದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೈನ್ಯ ಬಿಟ್ಟು ಬೇಸಾಯ ಮಾಡಿದವರು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದವರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಿಸಿದ್ದು ಬೇರೆ ಕಡೆ ಹಾರಿ ಬಂದಿದ್ದ ಎಟಿಆರ್ 42 ವಿಮಾನ. ಎರಡು ಟರ್ಬೊಪ್ರಾಪ್ ಎಂಜಿನ್, 48 ಸೀಟು.

ಸೆಕೆಂಡ್ ಹ್ಯಾಂಡ್ ವಿಮಾನ ಅಂದಕೂಡಲೇ ಮೂಗು ಮುರಿಯುವವರಿದ್ದಾರೆ. ವಿಮಾನದ ವಯಸ್ಸನ್ನು ಬರೀ ವರ್ಷದಲ್ಲಿ ಅಳೆಯುವುದಿಲ್ಲ. ಎಷ್ಟು ಗಂಟೆ ಹಾರಿತು, ಎಷ್ಟು ಸಲ ಇಳಿಯಿತು ಅನ್ನುವುದೇ ದೊಡ್ಡ ಲೆಕ್ಕ. ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹತ್ತಿರದ ಊರುಗಳಿಗೆ ಹಾರುವ ವಿಮಾನಕ್ಕೆ ಇದು ದಿನಕ್ಕೆ ಹಲವು ಸಲ. ಇದೆಲ್ಲ ಲಾಗ್‌ಬುಕ್‌ನಲ್ಲಿರುತ್ತದೆ. ದಾಖಲೆ ತಪ್ಪಿದರೆ ಎಷ್ಟೇ ಹೊಳೆಯುವ ವಿಮಾನವಾದರೂ ಬೆಲೆ ಬಿದ್ದುಹೋಗುತ್ತದೆ. ದಾಖಲೆ ಗಟ್ಟಿಯಾಗಿದ್ದರೆ ಹಳೆಯದಕ್ಕೆ ಹೆದರಬೇಕಿಲ್ಲ ಅನ್ನುವುದು ನನ್ನ ನಂಬಿಕೆ.

ಎಟಿಆರ್‌ನ ಹಿಂಬಾಗಿಲು ಕೆಳಕ್ಕೆ ತೆರೆದರೆ ಅದೇ ಮೆಟ್ಟಿಲು. ಏಣಿಯ ಗಾಡಿ ಬೇಡ. ನಿಂತಾಗ ಬಲಗಡೆಯ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರೆ, ಕರೆಂಟು ಅದರಿಂದಲೇ ಸಿಗುತ್ತದೆ. ಸವಲತ್ತು ಕಡಿಮೆ ಇರುವ ಸಣ್ಣ ನಿಲ್ದಾಣಕ್ಕೆ ಇದಕ್ಕಿಂತ ಇನ್ನೇನು ಬೇಕು!

ಕಾನೂನೂ ಕೈಹಿಡಿಯಿತು. ವಿಮಾನ ಇಂಧನಕ್ಕೆ ಹಲವು ರಾಜ್ಯಗಳು ಶೇ 20ಕ್ಕೂ ಮೀರಿ ಮಾರಾಟ ತೆರಿಗೆ ಹಾಕುತ್ತಿದ್ದಾಗ, 2002ರಲ್ಲಿ ಕೇಂದ್ರವು ಟರ್ಬೊಪ್ರಾಪ್‌ಗಳ ಇಂಧನಕ್ಕೆ ಶೇ 4ರ ಮಿತಿ ಹಾಕಿತು. ಸಣ್ಣ ಊರಿನ ಟಿಕೆಟ್ ಕೈಗೆಟುಕಿದ್ದರ ಹಿಂದೆ ಕಾನೂನಿನ ಈ ಸಾಲೂ ಇದೆ.

2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್ ಏರ್‌ಲೈನ್ಸ್ ಒಳಗೆ ಕರಗಿತು, ಆದರೆ ದಾರಿ ಉಳಿಯಿತು. ಮುಂದೆ ಸಾಂಬ್ರಾಕ್ಕೆ ಸ್ಪೈಸ್‌ಜೆಟ್‌ನ ಕ್ಯೂ400, ಅಲಯನ್ಸ್ ಏರ್‌ನ ಎಟಿಆರ್ ಬಂದವು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರಿಗೆ, ಏರ್‌ಬಸ್‌ಗೆ ಬಿಡಿಭಾಗ ಮಾಡಿಕೊಡುವ ಹತ್ತರಗಿಯ ಕಾರ್ಖಾನೆಗಳಿಗೆ ಇದು ಬದುಕಿನ ಮಾತು. ಖಾನಾಪುರದ ಹೆಂಚಿನ ವ್ಯಾಪಾರಿಗೂ, ಲೋಂಡಾದವರಿಗೂ ಬೇಕಾದದ್ದು ದೊಡ್ಡ ಜೆಟ್ ಅಲ್ಲ. ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಿಸುವ ಪಂಖದ ವಿಮಾನ ಒಂದು, ದಿನಾ ತಪ್ಪದೆ.