ಗೇರು ಕೈಕೊಟ್ಟಿತೇ? ಮೊದಲು ಕರೆಂಟು ನೋಡಿ

ಕ್ಲಚ್ ಪೆಡಲ್ ಇಲ್ಲದ ಕಾರುಗಳು ನಮ್ಮ ಅರಂತೋಡು, ತೊಡಿಕಾನದ ಅಂಗಳಗಳಿಗೂ ಬಂದಿವೆ. 2014ರಲ್ಲಿ ಮಾರುತಿಯ ಸೆಲೆರಿಯೊ ಈ ವ್ಯವಸ್ಥೆಯನ್ನು ಸಣ್ಣ ಕಾರಿಗೆ ತಂದ ಮೇಲೆ ಬೇರೆ ಕಂಪೆನಿಗಳೂ ಕೊಡತೊಡಗಿದವು. ಮಕ್ಕಳು ಬೆಂಗಳೂರಿನಲ್ಲಿದ್ದು, ಮಂಡಿನೋವಿನ ಹಿರಿಯರಿಬ್ಬರೇ ಇರುವ ಮನೆಗಳಿಗೆ ಇದು ಉಪಕಾರವೇ. ಆದರೆ ಮಳೆಯ ರಾತ್ರಿ, ಸಂಪಾಜೆ ಘಾಟಿಯ ಏರಿನಲ್ಲಿ ಗೇರು ತಾನಾಗಿ ನ್ಯೂಟ್ರಲ್ಲಿಗೆ ಬಂದರೆ ತಮಾಷೆಯಲ್ಲ.

ಒಳಗಿರುವುದು ಮಾಮೂಲು ಕ್ಲಚ್, ಮಾಮೂಲು ಗೇರುಪೆಟ್ಟಿಗೆಯೇ. ನಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಪುಟ್ಟ ಕರೆಂಟ್ ಪಂಪು ಆಯಿಲಿನ ಒತ್ತಡದಿಂದ ಮಾಡುತ್ತದೆ. ಕೆಲವು ಕಾರುಗಳಲ್ಲಿ ಪಂಪಿನ ಬದಲು ಬರೀ ಮೋಟರು. ಯಾವ ಗೇರು ಯಾವಾಗ ಎಂದು ಅಪ್ಪಣೆ ಕೊಡುವುದು ಕಂಟ್ರೋಲ್ ಪೆಟ್ಟಿಗೆ. ಎಲ್ಲಕ್ಕೂ ಕರೆಂಟು ಅದೇ 12 ವೋಲ್ಟಿನ ಬ್ಯಾಟರಿಯದ್ದು.

ಕಳೆದ ಮಳೆಗಾಲ ನಮ್ಮ ಕಾರಿನಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಎಲ್ಲ ಸರಿ. ಲೈಟು, ವೈಪರು, ಫ್ಯಾನು ಹಾಕಿ ತೋಟದ ಏರು ಹತ್ತುವಾಗ ಗೇರಿನ ದೀಪ ಹತ್ತಿ ನ್ಯೂಟ್ರಲ್. ಬಂದ್ ಮಾಡಿ ಹತ್ತು ನಿಮಿಷ ಬಿಟ್ಟರೆ ಪುನಃ ಸರಿ. ಒಂದು ವರ್ಕ್‌ಶಾಪಿನವರು ಸ್ಕ್ಯಾನರ್ ಹಾಕಿ ಕಂಟ್ರೋಲ್ ಪೆಟ್ಟಿಗೆ ಬದಲಿಸಬೇಕೆಂದರು. ಹೇಳಿದ ದುಡ್ಡಿಗೆ ಹೊಸ ಪಂಪ್‌ಸೆಟ್ ಬರುತ್ತಿತ್ತು! ಯಾವ ಕೋಡ್ ಬಂತು ಎಂದು ಕೇಳಿ ಬರೆದುಕೊಂಡೆ: ಪಿ 0882. ಇದರ ಅರ್ಥ, ಕಂಟ್ರೋಲ್ ಪೆಟ್ಟಿಗೆಗೆ ಬರುವ ವೋಲ್ಟೇಜು ಕಡಿಮೆ ಎಂದು. ಪೆಟ್ಟಿಗೆ ಕೆಟ್ಟಿದೆ ಎಂದಲ್ಲ. ಊಟ ಸಾಲದು ಎಂದ ಆಳನ್ನೇ ಬದಲಿಸಿದ ಹಾಗಾಯಿತು ಇದು.

'ಮೀಟರ್ ಇಟ್ಟು ನೋಡಿದ್ದೇವೆ, 12 ವೋಲ್ಟ್ ಬರ್ತಾ ಉಂಟಲ್ಲ' ಎನ್ನುತ್ತಾರೆ. ಮೋಸ ಇರುವುದು ಅಲ್ಲೇ. ಸ್ಪ್ರಿಂಕ್ಲರ್ ಲೈನಿನ ಕೊನೆಯಲ್ಲಿ ಗೇಜು ಇಟ್ಟು ಜೆಟ್‌ಗಳನ್ನೆಲ್ಲ ಮುಚ್ಚಿ ನೋಡಿ. ಪೈಪಿನೊಳಗೆ ಕಸ ಕಟ್ಟಿದ್ದರೂ ಗೇಜು ಪೂರ್ತಿ ಪ್ರೆಷರ್ ತೋರಿಸುತ್ತದೆ. ಜೆಟ್ ತೆರೆದಾಗ ಬಣ್ಣ ಬಯಲು. ವಯರೂ ಹಾಗೆಯೇ. ಹತ್ತೆಳೆಯಲ್ಲಿ ಒಂಬತ್ತು ಕೊಳೆತು ಒಂದೇ ಉಳಿದರೂ ಮೀಟರಿಗೆ 12 ವೋಲ್ಟೇ. ಯಾಕೆಂದರೆ ಮೀಟರು ಎಳೆಯುವ ಕರೆಂಟು ಏನೂ ಇಲ್ಲವೆನ್ನುವಷ್ಟು. ಪಂಪು ಎಳೆದಾಗಲೇ ಕುಸಿತ. ಹಾಗಾಗಿ ಲೋಡ್ ಇರುವಾಗಲೇ ಅಳೆಯಬೇಕು.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಇದ್ದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಕೆಲವು ಹೊಸ ಕಾರುಗಳಲ್ಲಿ ಇದು ಹೆಚ್ಚುಕಡಿಮೆ ಆಗುತ್ತಿರುತ್ತದೆ.

ನಂತರ ಅರ್ತ್. ನನ್ನ ಲೆಕ್ಕದಲ್ಲಿ ನಮ್ಮ ಹವೆಗೆ ಮೊದಲು ಸಂಶಯಪಡಬೇಕಾದ್ದು ಇದನ್ನೇ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರನ್ನು ಬ್ರೇಕ್ ಮೆಟ್ಟಿ ಕೂರಿಸಿ. ಇಂಜಿನ್ ಓಡುತ್ತಿರಲಿ, ಲೈಟು ಫ್ಯಾನು ಹಾಕಿರಲಿ. ಕಾರಿನೆದುರು ಯಾರೂ ನಿಲ್ಲಬಾರದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಇನ್ನೊಂದು, ಗೇರಿನ ಅರ್ತ್ ವಯರು ಬಾಡಿಗೆ ಸೇರುವಲ್ಲಿನ ಲಗ್ಗಿಗೆ. ಒಳಗಿದ್ದವರು ಗೇರು ನ್ಯೂಟ್ರಲ್ಲಿನಿಂದ ಡ್ರೈವ್‌ಗೆ ಹಾಕಲಿ. 0.2 ವೋಲ್ಟಿನೊಳಗೆ ಇರಬೇಕು. ನಮ್ಮದರಲ್ಲಿ ಪಂಪು ಗುಂಯ್ ಎಂದಾಗ 4.6! ಅದೇ ಕಡ್ಡಿಯನ್ನು ಲಗ್ಗಿನ ಪಕ್ಕದ ತಗಡಿಗೆ ಇಟ್ಟರೆ 0.1. ಅಂದರೆ ಅಡ್ಡಿ ಲಗ್ಗಿಗೂ ತಗಡಿಗೂ ನಡುವೆಯೇ. ಬೋಲ್ಟ್ ಕಳಚಿದಾಗ ಅಡಿಯಲ್ಲಿ ತುಕ್ಕು, ಲಗ್ಗಿನ ಕುತ್ತಿಗೆಯಲ್ಲಿ ಹಸಿರು ಕಿಲುಬು. ಉಜ್ಜಿ, ಹೊಸ ಲಗ್ ಹಾಕಿ, ಬಿಗಿ ಮಾಡಿ ಮೇಲಿನಿಂದ ವ್ಯಾಸಲೀನ್ ಸವರಿದೆವು. ಕೋಡ್ ಅಳಿಸಿದ ಮೇಲೆ ಮತ್ತೆ ಬಂದಿಲ್ಲ.

ಪ್ಲಸ್ ಕಡೆಯೂ ಇದೇ ಕ್ರಮ. ಬ್ಯಾಟರಿಯ ಪ್ಲಸ್ಸಿನಿಂದ ಗೇರಿನ ಫ್ಯೂಸಿನ ಎರಡೂ ಕಿವಿಗಳಿಗೆ ಅಳೆಯಿರಿ. 0.3 ದಾಟಿದರೆ ನಡುವೆ ಎಲ್ಲೋ ಅಡ್ಡಿ. ರಿಲೇ ಮೇಲೆ ಸಂಶಯವಿದ್ದರೆ ಅದೇ ನಂಬರಿನ ಇನ್ನೊಂದನ್ನು ಅದಲುಬದಲು ಮಾಡಿ. ದೊಡ್ಡ ಫ್ಯೂಸ್ ಮಾತ್ರ ಬೇಡ, ವಯರೇ ಸುಟ್ಟೀತು. ಕಂಟ್ರೋಲ್ ಪೆಟ್ಟಿಗೆಯ ಪ್ಲಗ್ಗಿನ ಪಿನ್ನುಗಳಿಗೆ ಬಲ್ಬ್ ಚುಚ್ಚಿ ನೋಡಲೂ ಹೋಗಬೇಡಿ. ಅದಕ್ಕೆ ವಯರಿಂಗ್ ನಕ್ಷೆ ಇರುವವರೇ ಆಗಬೇಕು.

ನಮ್ಮ ಕೊಟ್ಟಿಗೆಗಳಲ್ಲಿ ಅಡಿಕೆ, ಹಿಂಡಿ ಎಲ್ಲ ಇರುವುದರಿಂದ ಇಲಿ ಇದ್ದೇ ಇರುತ್ತದೆ. ವಯರಿನ ಸಿಪ್ಪೆ ಕಡಿದಲ್ಲಿ ನೀರು ಇಳಿದು ತಾಮ್ರ ಕೊಳೆಯುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ. ಇನ್ನು ಬೋರ್ಡೋ ಬಿಡುವ ಪಂಪಿನಿಂದಲೇ ಇಂಜಿನ್ ತೊಳೆಯುವವರಿದ್ದಾರೆ. ಆ ಒತ್ತಡಕ್ಕೆ ಯಾವ ಪ್ಲಗ್ಗಿನೊಳಗೂ ನೀರು ಹೊಕ್ಕೀತು.

ಬ್ಯಾಟರಿ ಕಳಚಿದರೆ ಕೆಲವು ಕಾರುಗಳಿಗೆ ಕ್ಲಚ್ಚಿನ ಅಳತೆಯನ್ನು ಸ್ಕ್ಯಾನರಿನಿಂದ ಪುನಃ ಕಲಿಸಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಇಷ್ಟೆಲ್ಲ ಸರಿಯಿದ್ದೂ ಗೇರು ತಪ್ಪಿದರೆ ಪಂಪು, ಸೆನ್ಸರು ಅಥವಾ ಪೆಟ್ಟಿಗೆಯೇ ಇರಬಹುದು. ಆಗ ವರ್ಕ್‌ಶಾಪಿಗೆ ಹೋಗುವಾಗ ಕೋಡನ್ನೂ, ಅಳೆದ ವೋಲ್ಟುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.